ಎಕ್ಸ್‌ಚೇಂಜ್ ಅಕ್ಕ ಕಾಯುತ್ತಿದ್ದ ಸಾಲು

ಕಳೆದ ತಿಂಗಳು ಕುಶಾಲನಗರದ ಹಳೆಯ ಹೋಟೆಲೊಂದರಲ್ಲಿ ಕಾಫಿ ಕುಡಿದು ಏಳುವಾಗ ಗಲ್ಲಾದ ಪಕ್ಕ ಚೀಟಿ ಚುಚ್ಚುವ ಕಂಬಿಯೊಂದು ಕಂಡಿತು. ದುಂಡನೆಯ ಮರದ ತುಂಡು, ಅದರ ಮೇಲೆ ನೆಟ್ಟಗೆ ನಿಂತ ಕಬ್ಬಿಣದ ಕಡ್ಡಿ, ಕಡ್ಡಿಯ ತುಂಬ ಅಡುಗೆಮನೆಯ ಎಣ್ಣೆ ಹತ್ತಿದ ಆರ್ಡರ್ ಚೀಟಿಗಳು. ಮಾಣಿ ಹೊಸದೊಂದು ಚೀಟಿಯನ್ನು ಅದಕ್ಕೆ ಚುಚ್ಚಿದಾಗ ಕಾಗದ ಹರಿದ ಸಣ್ಣ ಸದ್ದು ಬಂತು. ಆ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು... ನಾನು ಚೀಲ ಹೆಗಲಿಗೆ ಹಾಕಿಕೊಂಡವಳು ಹಾಗೇ ನಿಂತುಬಿಟ್ಟೆ. ಹಿಂದಿನವರು "ಸ್ವಲ್ಪ ದಾರಿ ಬಿಡಿ" ಅಂದ ಮೇಲೆಯೇ ಎಚ್ಚರವಾದದ್ದು.

ನಮ್ಮ ಆಫೀಸಿನಲ್ಲಿ ಅಂಥದ್ದೇ ಒಂದು ಕಂಬಿ ಇತ್ತು. ಅದನ್ನು ತಂದವರು ಎಕ್ಸ್‌ಚೇಂಜ್ ಅಕ್ಕ.

ಆಗ ನನಗೆ ಇಪ್ಪತ್ತನಾಲ್ಕು. ನಮ್ಮ ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಮನೆ ನಮ್ಮದು. ದಿನಾ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ ಬರುತ್ತಿದ್ದೆ. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಆಫೀಸು. ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗೆ ನಾವು ಒಂದು ವೆಬ್‌ಸೈಟ್ ನಡೆಸುತ್ತಿದ್ದೆವು. ಲ್ಯಾಬಿನವರು ಫಲಿತಾಂಶ ತುಂಬುತ್ತಾರೆ, ಡಾಕ್ಟರು ನೋಡಿ ಒಪ್ಪಿಗೆ ಒತ್ತುತ್ತಾರೆ, ಆಮೇಲೆ ವರದಿ ತಯಾರಾಗಿ ರೋಗಿಯ ಫೋನಿಗೆ ಹೋಗುತ್ತದೆ. ಸಾಫ್ಟ್‌ವೇರ್ ನೋಡಿಕೊಳ್ಳುವವಳು ನಾನೊಬ್ಬಳೇ. "ವರದಿ ಬಂದಿಲ್ಲ" ಎಂದು ಫೋನ್ ಮಾಡುವವರಿಗೆ ಉತ್ತರ ಕೊಡಲು ಒಬ್ಬರು ಬೇಕು ಅನ್ನಿಸಿದಾಗ ಆಫೀಸಿನ ಯಜಮಾನರಾದ ನಮ್ಮ ಸಾರ್ ಅಕ್ಕನನ್ನು ಕರೆತಂದರು.

ಭಾಗಮಂಡಲದ ಕಡೆಯ, ಅರೆಭಾಷೆ ಮಾತಾಡುವ ಮನೆಯವರು. ಮದುವೆ ಮಾಡಿಕೊಂಡಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರುಗಳ ಕರೆ ಜೋಡಿಸುವ ಟ್ರಂಕ್ ಆಪರೇಟರ್ ಆಗಿ ಸೇರಿ, ನಿವೃತ್ತರಾಗಿ, ಮಡಿಕೇರಿಯಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದರು. ತೆಳ್ಳಗಿನ ಮೈ, ಪಿನ್ ಹಾಕಿ ಬಿಗಿದ ಸೀರೆ, ಎಡ ಕಿವಿಯ ಮೇಲೆ ಕೂದಲು ಯಾವಾಗಲೂ ಸ್ವಲ್ಪ ಹಿಂದಕ್ಕೆ ಸರಿದಿರುತ್ತಿತ್ತು. ವರ್ಷಗಟ್ಟಲೆ ಹೆಡ್‌ಫೋನ್ ಕೂತ ಜಾಗವಂತೆ. ಫೋನ್ ಎತ್ತಿದರೆ ಆ ಕಡೆಯವರ ಎರಡನೇ ಮಾತಿಗೆ ಅವರ ಭಾಷೆಗೆ ತಿರುಗುತ್ತಿದ್ದರು. ಕೊಡವ ತಕ್ಕ್, ಮಲಯಾಳ, ತಮಿಳು, ತುಳು, ಉರ್ದು... ಪಾಲಿಬೆಟ್ಟದ ಎಸ್ಟೇಟ್ ಕೆಲಸಗಾರರ ಲೈನು ಮನೆಗಳಿಂದ ಹೆದರಿಕೊಂಡು ಮಾತಾಡುವ ಹೆಂಗಸರಿಗೆ ಇವರ ದನಿ ಕೇಳಿದ ಕೂಡಲೇ ಸಮಾಧಾನವಾಗುವುದು ಪಕ್ಕದ ಮೇಜಿನಲ್ಲಿ ಕೂತೇ ನನಗೆ ತಿಳಿಯುತ್ತಿತ್ತು.

ಮೊದಲ ವಾರ ನನ್ನ ಪಕ್ಕ ಬಂದು ಕೂತರು. ಪರದೆಯ ಮೇಲೆ ಸಂಖ್ಯೆಗಳು ಏರುತ್ತಾ ಇಳಿಯುತ್ತಾ ಇದ್ದವು.

"ಇದು ಎಂತ ಕೂಸೇ?"

ಡಾಕ್ಟರು ಒಪ್ಪಿಗೆ ಒತ್ತಿದ ತಕ್ಷಣ ವರದಿ ಹೋಗಿಬಿಡುವುದಿಲ್ಲ, ಅದೊಂದು ಸಾಲಿನಲ್ಲಿ ನಿಲ್ಲುತ್ತದೆ ಎಂದು ಹೇಳಿದೆ. ಪರದೆಯ ಹಿಂದೆ ಎರಡು ಪ್ರೋಗ್ರಾಂಗಳು ಒಂದೊಂದೇ ಕೆಲಸ ಎತ್ತಿಕೊಂಡು ಮುಗಿಸುತ್ತವೆ, ಆಗದಿದ್ದರೆ ಮತ್ತೆ ಪ್ರಯತ್ನಿಸುತ್ತವೆ, ತುರ್ತಿನವನ್ನು ಮುಂದಕ್ಕೆ ಬಿಡುತ್ತವೆ, ಕೊನೆಗೂ ಆಗದ್ದನ್ನು ಒಂದು ಮೂಲೆಗೆ ಹಾಕುತ್ತವೆ. ಇಷ್ಟನ್ನು ಹೇಳಲು ನಾನು ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದೆ. ಅವರು ನನ್ನ ಪೆನ್ನು ಹಿಡಿದು ನಿಲ್ಲಿಸಿದರು.

"ಟ್ರಂಕ್ ಕಾಲ್ ಬುಕಿಂಗ್ ಅಲ್ವಾ ಇದು? ನಮ್ಮಲ್ಲೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ಇತ್ತು, ಲೈಟ್ನಿಂಗ್ ಎಲ್ಲಕ್ಕಿಂತ ಮುಂದೆ. ಚೀಟಿ ಬರೆದು ಇಡೋದು, ಲೈನ್ ಸಿಕ್ಕಿದ ಹಾಗೆ ಕೊಡೋದು. ನಿನ್ನದು ಕಂಪ್ಯೂಟರು ಮಾಡ್ತದೆ, ಅಷ್ಟೇ."

ನಾಲ್ಕು ವರ್ಷ ಓದಿ ಕಲಿತದ್ದನ್ನು ಹೀಗೆ ಒಂದೇ ಉಸಿರಿಗೆ ಹೇಳಿಬಿಟ್ಟರಲ್ಲ ಎಂದು ನನಗೆ ಒಳಗೊಳಗೇ ಸ್ವಲ್ಪ ಮುಖಭಂಗವಾಗಿತ್ತು.

ಮರುದಿನವೇ ಆ ಕಂಬಿ ಬಂತು. ಹೋಗದೆ ಮೂಲೆಗೆ ಬಿದ್ದ ಪ್ರತಿ ವರದಿಗೂ ಒಂದು ಚೀಟಿ ಬರೆದು ಚುಚ್ಚುತ್ತಿದ್ದರು. ರೋಗಿಗೆ ತಾವೇ ಫೋನ್ ಮಾಡಿ ತಿಳಿಸಿದ ಮೇಲೆ ಮಾತ್ರ ಚೀಟಿ ತೆಗೆಯುತ್ತಿದ್ದರು. ಸಂಜೆ ಕಂಬಿ ಖಾಲಿಯಾಗದೆ ಮನೆಗೆ ಹೊರಡುತ್ತಿರಲಿಲ್ಲ. ಇದೆಲ್ಲ ಪರದೆಯಲ್ಲೇ ಇದೆಯಲ್ಲ ಅಕ್ಕ ಎಂದರೆ, "ಪರದೆ ಮುಚ್ಚಿದ್ರೆ ಕಾಣ್ತದಾ?" ಎನ್ನುತ್ತಿದ್ದರು. ಬೆಳಿಗ್ಗೆ ಬಂದವರೇ ತಮ್ಮ ಫೋನಿಗೆ ಒಂದು ವರದಿ ಕಳಿಸು ಎನ್ನುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ದಿನ ಶುರುವಾಗುವ ಮೊದಲು ಮೈಸೂರಿಗೆ, ಮಂಗಳೂರಿಗೆ ಒಮ್ಮೆ ಮಾತಾಡಿ ಲೈನು ನೋಡುತ್ತಿದ್ದರಂತೆ. ಸದ್ದಿಲ್ಲದ ಲೈನು ಸರಿಯಾಗಿದೆ ಎಂದು ನಂಬಬಾರದು ಎಂಬುದು ಅವರ ಮಾತು. ನನಗೆ ದಿನಾ ಇದೊಂದು ಕಿರಿಕಿರಿ. ಸಾರ್ ಇಲ್ಲದ ದಿನ ಆ ಕೆಲಸ ತಪ್ಪಿಸಿಕೊಂಡದ್ದೂ ಉಂಟು.

ಆಮೇಲೆ ಆ ಮಂಗಳವಾರ ಬಂತು.

ಅದರ ಹಿಂದಿನ ಭಾನುವಾರ ಪಾಲಿಬೆಟ್ಟದ ಸುತ್ತಿನ ಎಸ್ಟೇಟುಗಳಲ್ಲಿ ದೊಡ್ಡ ಆರೋಗ್ಯ ಶಿಬಿರ ನಡೆದಿತ್ತು. ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ. ಶಿಬಿರ ಮಾಡಿದವರು ವರದಿಗಳೆಲ್ಲ ಬೇಗ ಬೇಕೆಂದು ಪೀಡಿಸುತ್ತಿದ್ದರು. ನಾನು ಯಾರನ್ನೂ ಕೇಳದೆ ಶಿಬಿರದ ವರದಿಗಳನ್ನೆಲ್ಲ ತುರ್ತಿನ ಸಾಲಿಗೆ ಹಾಕಿದೆ. ಸೋಮವಾರ ಇಡೀ ದಿನ ಲ್ಯಾಬಿನಿಂದ ಅವು ಬರುತ್ತಲೇ ಇದ್ದವು. ಮಂಗಳವಾರ ಬೆಳಿಗ್ಗೆ ಪರದೆಯ ಮೇಲೆ ಕಾಯುತ್ತಿರುವ ಕೆಲಸಗಳ ಸಂಖ್ಯೆ ಚೆಂದವಾಗಿ ಇಳಿಯುತ್ತಿತ್ತು. ಎಲ್ಲ ಹಸಿರು. ನನಗೆ ನನ್ನ ಬಗ್ಗೆಯೇ ಹೆಮ್ಮೆ.

ಅಕ್ಕ ಬಂದು ಹಿಂದೆ ನಿಂತರು. "ಎಷ್ಟು ಜನ ಕಾಯ್ತಾ ಇದ್ದಾರೆ ಅಂತ ತೋರಿಸ್ತದಲ್ಲ ಇದು. ಎಲ್ಲರಿಗಿಂತ ಮೊದಲು ಬಂದು ನಿಂತವರು ಯಾರು? ಎಷ್ಟು ಹೊತ್ತಿಂದ ನಿಂತಿದ್ದಾರೆ?"

"ಅಕ್ಕ, ಸಾಲು ಕರಗ್ತಾ ಇದೆ. ಮಧ್ಯಾಹ್ನದೊಳಗೆ ಎಲ್ಲ ಮುಗೀತದೆ."

"ನಾನು ಕೇಳಿದ್ದು ಅದಲ್ಲ ಕೂಸೇ."

ಅವರನ್ನು ಸುಮ್ಮನಾಗಿಸಲೆಂದೇ ಹುಡುಕಿ ತೆಗೆದೆ. ಎಲ್ಲಕ್ಕಿಂತ ಹಳೆಯದು ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಯಿಂದ ನಿಂತಿತ್ತು. ಶಿಬಿರದ್ದಲ್ಲ, ಸಾಮಾನ್ಯ ಸಾಲಿನದು. ಅದರ ಮುಂದೆ ತುರ್ತಿನವು ಬರುತ್ತಲೇ ಇದ್ದುದರಿಂದ ಅದರ ಪಾಳಿ ಬಂದೇ ಇರಲಿಲ್ಲ. ತೆರೆದು ನೋಡಿದೆವು. ಕಕ್ಕಬೆಯ ಒಂದು ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಹೆಂಗಸು, ನಾಲ್ಕು ದಿನದ ಜ್ವರ. ಪ್ಲೇಟ್‌ಲೆಟ್ ಎಣಿಕೆಯ ಮುಂದೆ ಕೆಂಪು ಗುರುತು. ಕೂಡಲೇ ಆಸ್ಪತ್ರೆಗೆ ದಾಖಲಾಗಬೇಕು ಎಂದು ಡಾಕ್ಟರು ಕೆಳಗೆ ಬರೆದಿದ್ದರು.

ಅಕ್ಕ ಲ್ಯಾಬಿಗೆ ಫೋನ್ ಮಾಡಿದರು. ಅಲ್ಲಿನವರು ನಿನ್ನೆಯೇ ಎರಡು ಸಲ ಆಕೆಗೆ ಕರೆ ಮಾಡಿದ್ದರು, ಸಿಕ್ಕಿರಲಿಲ್ಲ. ಹೇಗೂ ವರದಿ ಹೋಗಿದೆಯಲ್ಲ, ನೋಡಿಕೊಳ್ಳುತ್ತಾಳೆ ಅಂದುಕೊಂಡಿದ್ದರು. ಯಾಕೆಂದರೆ ಅವರ ಪರದೆಯ ಮೇಲೆ "ಕಳುಹಿಸಲಾಗಿದೆ" ಎಂದೇ ಇತ್ತು. ಆ ಪದ ಬರೆದವಳೂ ನಾನೇ. ಕೆಲಸ ಸಾಲಿಗೆ ಸೇರಿದ ಕೂಡಲೇ ಅದು ಕಾಣುವಂತೆ ಮಾಡಿದ್ದೆ. ಸಾಲಿನಲ್ಲಿ ನಿಂತದ್ದಕ್ಕೂ ಹೋಗಿ ಮುಟ್ಟಿದ್ದಕ್ಕೂ ನಡುವೆ ಇಷ್ಟು ಅಂತರ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ವರದಿಯನ್ನು ಕೈಯಿಂದಲೇ ಮುಂದಕ್ಕೆ ತಳ್ಳಿದೆ. ಹೋಯಿತು, ಆದರೆ ಆಕೆಯ ಫೋನು ತಲುಪಲಿಲ್ಲ. ಕರೆ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗೆ.

ಅಕ್ಕ ನನ್ನ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿ ಒಂದು ಗಳಿಗೆ ಕೂತರು. ಕಕ್ಕಬೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಇಟ್ಟುಕೊಂಡಿರುವ ಮನೆಗಳು ಯಾವುವು ಎಂದು ತಲೆಯೊಳಗೆ ಹುಡುಕುತ್ತಿದ್ದರೆಂದು ಆಮೇಲೆ ತಿಳಿಯಿತು. ಪುಸ್ತಕ ನೋಡದೆ ಒಂದು ನಂಬರ್ ಒತ್ತಿದರು. ಅದು ಸತ್ತಿತ್ತು. ಇನ್ನೊಂದು. ಅದನ್ನು ಎತ್ತಿದ ಮುದುಕರೊಬ್ಬರ ಹತ್ತಿರ ಕೊಡವ ತಕ್ಕಿನಲ್ಲಿ ಮಾತಾಡಿದರು. ಅವರ ಮನೆಯಿಂದ ಹೋಮ್‌ಸ್ಟೇ ಎರಡು ತಿರುವು ಆಚೆ. ತೋಟದ ಕೆಲಸದವರನ್ನು ಓಡಿಸುತ್ತೇನೆ, ಫೋನ್ ಇಡಬೇಡಿ ಎಂದರು. ಅಕ್ಕ ಇಡಲಿಲ್ಲ. ಆ ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಿಂದ ನನ್ನ ಫೋನಿನಲ್ಲಿ ನಾಪೋಕ್ಲುವಿನ ಜೀಪಿನವರೊಬ್ಬರನ್ನು ಹಿಡಿದು ಮಲಯಾಳದಲ್ಲಿ ದಾರಿ ಹೇಳಿದರು. ಆಸ್ಪತ್ರೆಗೆ ಮೊದಲೇ ತಿಳಿಸಲು ನನಗೆ ಸನ್ನೆ ಮಾಡಿದರು. ಸುಮಾರು ಇಪ್ಪತ್ತು ನಿಮಿಷ ಆ ಕೋಣೆಯಲ್ಲಿ ಅವರ ದನಿ ಒಂದು ಸಲವೂ ಏರಲಿಲ್ಲ.

ಆ ಹೆಂಗಸು ಕೋಣೆಯಲ್ಲಿ ಎದ್ದು ಕೂರಲಾಗದೆ ಮಲಗಿದ್ದಳಂತೆ. ಒಸಡಿನಲ್ಲಿ ರಕ್ತ ಕಾಣಿಸಿಕೊಂಡಿತ್ತು. ಮಧ್ಯಾಹ್ನದ ಹೊತ್ತಿಗೆ ಜೀಪು ಮಡಿಕೇರಿ ಮುಟ್ಟಿತು. ಎರಡು ದಿನ ನಾವು ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ಎಣಿಕೆ ಏರತೊಡಗಿತು ಎಂದು ಆಸ್ಪತ್ರೆಯಿಂದ ತಿಳಿಯಿತು. ತಿಂಗಳಾದ ಮೇಲೆ ಆಕೆ ಒಂದು ಬಾಟಲಿ ಜೇನು ಹಿಡಿದು ಮೆಟ್ಟಿಲು ಹತ್ತಿ ಬಂದು, "ಫೋನ್ ಅಮ್ಮ ಯಾರು?" ಎಂದು ಕೇಳಿದಳು. ಅಕ್ಕ ಅವತ್ತು ನಾಚಿಕೊಂಡು ಒಳಗಿನ ಕೋಣೆಗೆ ಹೋಗಿಬಿಟ್ಟಿದ್ದರು...

ಆ ಮಂಗಳವಾರದ ಸಂಜೆಯೇ ಸಾರ್ ನಮ್ಮಿಬ್ಬರನ್ನೂ ಕೂರಿಸಿ ಕೇಳಿದರು. "ಯಾರ ತಪ್ಪು ಇದು?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದರು. "ನಾವು ನೋಡಬೇಕಾದ್ದು ನೋಡ್ತಾ ಇರ್ಲಿಲ್ಲ ಸಾರ್. ಇನ್ನು ಮೇಲೆ ನೋಡ್ತೇವೆ."

ಆ "ನಾವು" ಎಂಬ ಮಾತಿನ ಹಿಂದೆ ನಾನು ಅಡಗಿಕೊಂಡೆ. ತಿದ್ದಲಿಲ್ಲ.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದು ಬಂದೆವು. ದಾರಿಯಲ್ಲಿ ಅಳು ತಡೆಯಲಾಗಲಿಲ್ಲ. ಅವರು ಸಮಾಧಾನದ ಮಾತು ಆಡಲಿಲ್ಲ. ಬದಲಿಗೆ, ತಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದೊಂದನ್ನು ಹೇಳಿದರು. ಸೈನ್ಯದ ಆಸ್ಪತ್ರೆಯಲ್ಲಿದ್ದ ಮಗನ ಹತ್ತಿರ ಮಾತಾಡಲು ಒಬ್ಬ ತಾಯಿ ಬೆಳಿಗ್ಗೆಯೇ ಬಂದು ಆರ್ಡಿನರಿ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತಿದ್ದರಂತೆ. ಅವತ್ತು ಅರ್ಜೆಂಟು, ಲೈಟ್ನಿಂಗ್ ಕರೆಗಳು ಒಂದರ ಹಿಂದೆ ಒಂದು. ನಿಯಮದ ಪ್ರಕಾರ ಅವುಗಳನ್ನೇ ಕೊಡುತ್ತಾ ಹೋದರು. ಸಂಜೆ ಆ ತಾಯಿಗೆ ಲೈನು ಸಿಕ್ಕಿದಾಗ ಆ ಕಡೆಯಿಂದ ನರ್ಸ್ ಹೇಳಿದ್ದು, ಬೆಳಿಗ್ಗೆ ಮಾತಾಡುತ್ತಿದ್ದ, ಈಗ ಪ್ರಜ್ಞೆ ಇಲ್ಲ ಎಂದು.

"ನಿಯಮ ತಪ್ಪಲಿಲ್ಲ ಕೂಸೇ ನಾನು. ಚೀಟಿ ಮಾತ್ರ ಇಡೀ ದಿನ ನನ್ನ ಕೈಯಡಿಯಲ್ಲೇ ಇತ್ತು. ಒಂದ್ಸಲ ಮೇಲೆತ್ತಿ ನೋಡಿದ್ರೆ ಆಗ್ತಿತ್ತು."

ಬಸ್ಸು ಬಂತು. ಹತ್ತಿದೆ. ಅವರು ಕೈ ಬೀಸಿದರೋ ಇಲ್ಲವೋ ನೆನಪಿಲ್ಲ...

ಆಮೇಲಿನ ಆರು ತಿಂಗಳು ನನ್ನ ಕೆಲಸದ ಬದುಕಿನಲ್ಲೇ ಒಳ್ಳೆಯ ಕಾಲ. ಮಧ್ಯಾಹ್ನ ಊಟದ ಡಬ್ಬಿ ತೆರೆದುಕೊಂಡು ಅಕ್ಕ ಎಕ್ಸ್‌ಚೇಂಜಿನ ಪದ್ಧತಿಗಳನ್ನು ಹೇಳುತ್ತಿದ್ದರು, ನಾನು ಅವನ್ನು ಪ್ರೋಗ್ರಾಂ ಮಾಡುತ್ತಿದ್ದೆ. ಪರದೆಯ ಮೇಲ್ಭಾಗದಲ್ಲಿ ಎಷ್ಟು ಕೆಲಸ ಕಾಯುತ್ತಿದೆ ಎಂಬುದರ ಬದಲು ಅತಿ ಹಳೆಯದು ಎಷ್ಟು ಹೊತ್ತಿನಿಂದ ಕಾಯುತ್ತಿದೆ ಎಂಬುದು ಬಂತು. ತುರ್ತಿನವು ಎಷ್ಟೇ ಇದ್ದರೂ ನಡುನಡುವೆ ಒಂದು ಸಾಮಾನ್ಯದ್ದು ಹೋಗಲೇಬೇಕು ಎಂದಾಯಿತು. ಮೂರು ಸಲ ಆಗದಿದ್ದರೆ ನಾಲ್ಕನೆಯದು ಮನುಷ್ಯರ ಮೇಜಿಗೆ. "ಕಳುಹಿಸಲಾಗಿದೆ" ಹೋಗಿ "ಸರತಿಯಲ್ಲಿದೆ" ಬಂತು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಗಂಟೆಗೊಂದು ಪರೀಕ್ಷಾ ಸಂದೇಶ ಅದೇ ಸಾಲಿನಲ್ಲಿ ನಿಂತು, ಅದೇ ದಾರಿಯಲ್ಲಿ ಹೊರಟು ನಮ್ಮಿಬ್ಬರ ಫೋನಿಗೂ ಬರುತ್ತಿತ್ತು. ಅದರಲ್ಲಿ ಏನು ಬರೆಯಲಿ ಎಂದು ಕೇಳಿದಾಗ ಅಕ್ಕ ಯೋಚಿಸಿ, "ಲೈನ್ ಸರಿ ಇದೆ ಅಂತ ಹಾಕು" ಎಂದರು. ಏನಾದರೂ ತಡವಾದರೆ ಅಲಾರಂ ತಾನೇ ಕೂಗುವಂತೆ ಮಾಡಿದೆ.

ಅಷ್ಟು ಚೆನ್ನಾಗಿ ಮಾಡಿದ್ದೇ ತಪ್ಪಾಯಿತೇನೋ.

ಒಂದು ದಿನ ಸಾರ್ ಪರದೆ ನೋಡಿ ಬಹಳ ಮೆಚ್ಚಿದರು. ಆಮೇಲೆ ಮೆಲ್ಲಗೆ ಕೇಳಿದರು. "ಎಲ್ಲ ಇದೇ ನೋಡ್ತದೆ ಅಂದ್ರೆ, ಇನ್ನು ಅಕ್ಕ ಎಂತಕ್ಕೆ?" ಅವರು ಕೆಟ್ಟ ಮನುಷ್ಯರಲ್ಲ. ನನ್ನನ್ನು ನಿಜವಾಗಿಯೂ ಕೇಳಿದರು, ಉತ್ತರಕ್ಕಾಗಿ ಕಾದರು. ಬೇಕು ಸಾರ್ ಎಂಬ ಎರಡು ಪದ ಸಾಕಿತ್ತು. ನಾನು ಮಾಡಿದ್ದರಲ್ಲಿ ಕೊರತೆಯಿದೆ ಎಂದು ಒಪ್ಪಿಕೊಂಡಂತೆ ಆಗುತ್ತದೆ ಎಂದೋ ಏನೋ, ಕೀಬೋರ್ಡ್ ನೋಡುತ್ತಾ ಸುಮ್ಮನಿದ್ದೆ.

ಕೊನೆಯ ದಿನ ಅಕ್ಕ ಮೇಜು ಒರೆಸಿ, ಕಂಬಿಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡರು. ಬೇಸರವಾಯಿತಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು.

"ಇದು ನಂಗೆ ಎರಡನೇ ಸಲ ಮಾರಾಯ್ತಿ. ಎಸ್‌ಟಿಡಿ ಬಂದು ಜನ ತಾವೇ ನಂಬರ್ ತಿರುಗಿಸೋ ಹಾಗಾದಾಗ ನಮ್ಮ ಕರೆ ಜೋಡಿಸೋ ಬೋರ್ಡನ್ನು ಲಾರಿಗೆ ಹಾಕಿ ಕಳಿಸಿದ್ರು. ನನ್ನನ್ನು ಕಂಪ್ಲೇಂಟ್ ಕೌಂಟರಿಗೆ ಹಾಕಿದ್ರು. ಅಭ್ಯಾಸ ಉಂಟು." ಬಾಗಿಲ ಹತ್ತಿರ ತಿರುಗಿ ನಿಂತರು. "ಒಂದು ಕೇಳ್ತೇನೆ. ನಿನ್ನ ಅಲಾರಮ್ಮೇ ಕೆಟ್ಟುಹೋದ್ರೆ ಯಾರು ಹೇಳ್ತಾರೆ?"

"ಅದಕ್ಕೂ ಒಂದು ವ್ಯವಸ್ಥೆ ಇದೆ ಅಕ್ಕ" ಎಂದೆ. ಇರಲಿಲ್ಲ.

ಅವರು ಮಡಿಕೇರಿಯ ಮನೆ ಬಿಟ್ಟು ಭಾಗಮಂಡಲದ ಕಡೆ ತಮ್ಮನ ಮನೆಗೆ ಹೋದರು. ಹೋಗಿ ಬರುತ್ತೇನೆ, ನೋಡುತ್ತೇನೆ ಎಂದು ಅಂದುಕೊಳ್ಳುತ್ತಲೇ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಹತ್ತೂಕಾಲಿಗೆ ಅವರ ಕರೆ ಬಂತು. ಕುಶಲ ವಿಚಾರಿಸಲಿಲ್ಲ.

"ಹತ್ತು ಗಂಟೆದು ಬರ್ಲಿಲ್ಲ ಕೂಸೇ. ನಿಂಗೆ ಬಂತಾ?"

ಏನೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗಂಟೆಗೊಮ್ಮೆ ಬರುವ ಆ ಸಂದೇಶವನ್ನು ನಾನು ನೋಡುವುದನ್ನೇ ಬಿಟ್ಟಿದ್ದೆ. ಪರದೆ ತೆರೆದೆ, ಎಲ್ಲ ಹಸಿರು. ಹುಡುಕಿದಾಗ ತಿಳಿಯಿತು, ಸಾಲೂ ನಿಂತಿತ್ತು, ಸಾಲನ್ನು ನೋಡುವ ಅಲಾರಮ್ಮೂ ನಿಂತಿತ್ತು. ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟಿದ್ದೆ. ಪರದೆ ಹಳೆಯ ಅಂಕಿಯನ್ನೇ ತೋರಿಸುತ್ತಾ ಕೂತಿತ್ತು. ಹತ್ತೂಮುಕ್ಕಾಲಿಗೆಲ್ಲ ಸರಿಪಡಿಸಿದೆ. ಯಾರಿಗೂ ತೊಂದರೆಯಾಗಲಿಲ್ಲ.

ಮತ್ತೆ ಫೋನ್ ಮಾಡಿ ತಿಳಿಸಿದೆ. ಅವರ ದನಿಯಲ್ಲಿ ಖುಷಿ ಇತ್ತು. "ನೀನು ನನ್ನ ನಂಬರ್ ತೆಗೀಲಿಲ್ಲಲ್ಲ, ಅದಕ್ಕೇ ದಿನಾ ನೋಡ್ತಾ ಇದ್ದೆ."

"ಹೌದು ಅಕ್ಕ" ಎಂದೆ.

ನಾನು ಬೇಕೆಂದು ತೆಗೆಯದೇ ಇದ್ದದ್ದಲ್ಲ, ತೆಗೆಯಲು ಮರೆತದ್ದು. ಅದನ್ನು ಹೇಳಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಅವರ ತಮ್ಮನ ಸೊಸೆ ಕರೆ ಮಾಡಿದರು. ಮೂರು ದಿನದ ಜ್ವರ, ಹೃದಯ ತಡೆಯಲಿಲ್ಲವಂತೆ. ಹನ್ನೊಂದನೇ ದಿನ ಹೋದೆ. ಆ ಸೊಸೆ ನನ್ನನ್ನು ಅಡುಗೆಮನೆಯ ಪಕ್ಕದ ಕಿಟಕಿಗೆ ಕರೆದುಕೊಂಡು ಹೋಗಿ ತೋರಿಸಿದರು. ಆ ಮನೆಯಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಕಿಟಕಿಯ ಹಲಗೆಯ ಮೇಲೆ ಫೋನು, ಪಕ್ಕದಲ್ಲಿ ಒಂದು ಸ್ಟೂಲು.

"ಇಲ್ಲಿಂದ ಫೋನ್ ತೆಗೀಲಿಕ್ಕೆ ಯಾರಿಗೂ ಬಿಡ್ತಿರ್ಲಿಲ್ಲ ಅತ್ತೆ. ನೆಂಟರ ಮನೆಗೆ ಕರೆದ್ರೂ ಬರ್ತಿರ್ಲಿಲ್ಲ. ಕೇಳಿದ್ರೆ, ಡ್ಯೂಟಿ ಉಂಟು ಅಂತಿದ್ರು. ಎಂತ ಡ್ಯೂಟಿ ಅದು? ನಮಗೆ ಇವತ್ತಿಗೂ ಗೊತ್ತಿಲ್ಲ."

ಆಗಲೇ ಫೋನು ಮಿನುಗಿತು. ಹನ್ನೆರಡು ಗಂಟೆಯದು. ಲೈನ್ ಸರಿ ಇದೆ.

ಆಕೆಗೆ ಹೇಳಿದೆ, ಈ ಡ್ಯೂಟಿ ಏನು, ಇದರಿಂದ ಯಾರಿಗೆ ಏನಾಗುತ್ತಿತ್ತು, ಒಂದು ಸಲ ಅವರು ಹೇಗೆ ನಮ್ಮನ್ನು ಉಳಿಸಿದರು, ಎಲ್ಲ. ಕಕ್ಕಬೆಯ ಹೆಂಗಸಿನ ವಿಷಯವನ್ನೂ ಹೇಳಿದೆ. ಆಕೆ ಕಣ್ಣು ಒರೆಸಿಕೊಂಡು, "ನೀವು ಅವರನ್ನು ಬಿಡದೆ ಇಟ್ಟುಕೊಂಡಿದ್ದಿರಲ್ಲ, ಅದೇ ದೊಡ್ಡದು" ಎಂದರು. ನನ್ನ ಮರೆವನ್ನು ಅಕ್ಕ ನೇಮಕ ಎಂದುಕೊಂಡಿದ್ದರು ಎಂಬುದೊಂದನ್ನು ಮಾತ್ರ ಅಲ್ಲಿಯೂ ನನ್ನಿಂದ ಹೇಳಲಾಗಲಿಲ್ಲ.

ಮಡಿಕೇರಿಗೆ ಮರಳಿ ಸಾರ್‌ಗೆ ಹೇಳಿದೆ. ಮಂಗಳವಾರದ ತಪ್ಪು ನನ್ನೊಬ್ಬಳದೇ ಎಂದು, ಅಕ್ಕ ಬೇಕು ಎಂದು ಅವತ್ತೇ ಹೇಳಬೇಕಿತ್ತು ಎಂದು. ಅವರು, "ನಾನೂ ಎರಡನೇ ಸಲ ಕೇಳ್ಬೇಕಿತ್ತು" ಎಂದರು. ಈಗ ನಮ್ಮಲ್ಲಿ ಪಾಲಿಬೆಟ್ಟದ ಕಡೆಯ ಹೆಂಗಸೊಬ್ಬರು ಫೋನು ನೋಡಿಕೊಳ್ಳುತ್ತಾರೆ. ಸಾಲಿನ ಮುಂದೆ ಯಾರು ನಿಂತಿದ್ದಾರೆ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ನನಗೆ ಕಿರಿಕಿರಿಯಾಗುವುದಿಲ್ಲ.

ಅಕ್ಕನ ನಂಬರನ್ನು ಗಂಟೆಗೊಮ್ಮೆಯ ಸಂದೇಶದ ಪಟ್ಟಿಯಿಂದ ತೆಗೆಯಲು ನನಗೆ ಎಂಟು ತಿಂಗಳು ಬೇಕಾಯಿತು. ಆ ನಂಬರು ಬೇರೆ ಯಾರಿಗೋ ಹೋಗಿರಬೇಕು, ಇದೇನು ಸಂದೇಶ ಎಂದು ಅಪರಿಚಿತರೊಬ್ಬರು ಸಿಟ್ಟಿನಿಂದ ಕೇಳಿದ ದಿನ ತೆಗೆದೆ. ಮತ್ತೆ ಮತ್ತೆ ನೋಡಿ, ಸರಿಯಾದ ನಂಬರೇ ಹೌದಾ ಎಂದು ಖಚಿತ ಮಾಡಿಕೊಂಡು, ಕೈಯಾರೆ ತೆಗೆದೆ. ಇಷ್ಟು ವರ್ಷದಲ್ಲಿ ಅವರ ವಿಷಯದಲ್ಲಿ ನಾನು ಮರೆಯದೆ ಮಾಡಿದ ಕೆಲಸ ಅದೊಂದೇ.